ಕೆಂಪುಕೋಟೆಯ ಕಟಕಟೆಯಲ್ಲಿ ಮೂವರು

1945ರ ನವೆಂಬರ್ 5, ಸೋಮವಾರ. ದೆಹಲಿಯ ಕೆಂಪುಕೋಟೆಯೊಳಗಿನ ಬ್ಯಾರಕ್ ಕಟ್ಟಡದಲ್ಲಿ ಸೇನಾ ನ್ಯಾಯಾಲಯ ಸೇರಿತು. ಆಪಾದಿತರಾಗಿ ಬಂದು ನಿಂತವರು ಮೂವರು: ಶಾ ನವಾಜ್ ಖಾನ್, ಪ್ರೇಮ್ ಕುಮಾರ್ ಸಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್. ಸಿಂಗಪುರ ಬೀಳುವ ತನಕ ಅವರು ಬ್ರಿಟಿಷರ ಭಾರತೀಯ ಸೇನೆಯ ಅಧಿಕಾರಿಗಳಾಗಿದ್ದರು. ಆಮೇಲೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನಲ್ಲಿ ದಳಗಳನ್ನು ನಡೆಸಿದರು. ಭಾರತೀಯ ದಂಡಸಂಹಿತೆಯ 121ನೇ ಕಲಮಿನ ಪ್ರಕಾರ ಮೂವರೂ ಚಕ್ರವರ್ತಿಯ ಮೇಲೆ ಯುದ್ಧ ಹೂಡಿದ್ದಾರೆ ಎಂಬುದು ಮುಖ್ಯ ಆಪಾದನೆ. ಅಪರಾಧ ಸಾಬೀತಾದರೆ ನ್ಯಾಯಾಲಯದ ಮುಂದಿದ್ದ ದಾರಿಗಳು ಎರಡೇ: ಮರಣದಂಡನೆ ಅಥವಾ ಆಜೀವ ಗಡೀಪಾರು. ಅದಕ್ಕಿಂತ ಕಡಿಮೆ ಶಿಕ್ಷೆ ಕೊಡಲು ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ.

ವಿಚಾರಣೆಯನ್ನು ಬಹಿರಂಗವಾಗಿ ನಡೆಸಬೇಕೆಂದು ಸರ್ಕಾರವೇ ತೀರ್ಮಾನಿಸಿತ್ತು. ವೈಸ್‌ರಾಯ್ ವೇವೆಲ್ ಮತ್ತು ಮಹಾದಂಡನಾಯಕ ಆಕಿನ್‌ಲೆಕ್ ಅವರ ಲೆಕ್ಕಾಚಾರ ಸರಳವಾಗಿತ್ತು. ಈ ಫೌಜಿನವರು ಜಪಾನೀಯರ ಕೈಗೊಂಬೆಗಳು, ತಮ್ಮ ಜೊತೆಗಾರ ಸಿಪಾಯಿಗಳನ್ನೇ ಹಿಂಸಿಸಿದವರು, ಕೊಂದವರು. ಈ ಸಂಗತಿ ಪತ್ರಿಕೆಗಳಲ್ಲಿ ಬಂದರೆ ಜನ ತಾವಾಗಿಯೇ ಅಸಹ್ಯಪಟ್ಟು ದೂರ ಸರಿಯುತ್ತಾರೆ ಎಂದು ಅವರು ನಂಬಿದ್ದರು. ಆದರೆ ಕಟಕಟೆಗೆ ತಂದದ್ದು ಒಬ್ಬ ಮುಸ್ಲಿಮನನ್ನು, ಒಬ್ಬ ಹಿಂದೂವನ್ನು, ಒಬ್ಬ ಸಿಖ್ಖನನ್ನು. ದೇಶ ಧರ್ಮದ ಹೆಸರಿನಲ್ಲಿ ಸೀಳಿಹೋಗುತ್ತಿದ್ದ ಕಾಲದಲ್ಲಿ ಆ ಮೂರು ಹೆಸರುಗಳು ಒಂದೇ ಘೋಷಣೆಯ ಪ್ರಾಸವಾಗಿ ಬೀದಿಬೀದಿಯಲ್ಲಿ ಕೇಳಿಸಿದವು. ಇದಕ್ಕಿಂತ ದೊಡ್ಡ ತಪ್ಪನ್ನು ಬ್ರಿಟಿಷ್ ಆಡಳಿತ ತನ್ನ ಕೊನೆಯ ವರ್ಷಗಳಲ್ಲಿ ಮಾಡಲಿಲ್ಲ ಎಂದೇ ನನ್ನ ಅಭಿಪ್ರಾಯ.

ಸ್ಥಳದ ಆಯ್ಕೆಯೂ ಅಷ್ಟೇ ಅವಿವೇಕದ್ದು. 1858ರ ಜನವರಿ 27ರಿಂದ ಮಾರ್ಚ್ 9ರವರೆಗೆ ಇದೇ ಕೋಟೆಯ ದಿವಾನ್-ಇ-ಖಾಸ್‌ನಲ್ಲಿ ಬಹದ್ದೂರ್ ಷಾ ಜಫರ್‌ನ ವಿಚಾರಣೆ ನಡೆದಿತ್ತು. ಎಂಬತ್ತು ದಾಟಿದ ಮೊಗಲ್ ದೊರೆಯನ್ನು ಅವನದೇ ಅರಮನೆಯಲ್ಲಿ ಕೈದಿಯಾಗಿ ಕೂರಿಸಿ, ಅವನು ಸರ್ಕಾರಕ್ಕೆ ದ್ರೋಹ ಬಗೆದ ಪ್ರಜೆ ಎಂದು ತೀರ್ಪು ಕೊಟ್ಟರು. ತೀರ್ಪು ಕೊಟ್ಟ ಈಸ್ಟ್ ಇಂಡಿಯಾ ಕಂಪನಿಯಾದರೋ ಅವನ ಪೂರ್ವಜರಿಂದ ದಿವಾನಿಯ ಸನ್ನದು ಪಡೆದು ಬಂಗಾಳದ ಕಂದಾಯ ಎತ್ತಿ ಬೆಳೆದದ್ದು. ಅವನನ್ನು ರಂಗೂನಿಗೆ ಸಾಗಿಸಿದರು, 1862ರಲ್ಲಿ ಅಲ್ಲೇ ತೀರಿಕೊಂಡ. ಸುಭಾಷರು ರಂಗೂನಿನಲ್ಲಿದ್ದಾಗ ಆ ಗೋರಿಗೆ ಹೋಗಿ ಗೌರವ ಸಲ್ಲಿಸಿದ್ದರು. ದೆಹಲಿಗೆ ನಡೆದು ಕೆಂಪುಕೋಟೆಯಲ್ಲಿ ವಿಜಯದ ಕವಾಯತು ಮಾಡುವುದೇ ಗುರಿ ಎಂದು ತಮ್ಮ ಸೈನಿಕರಿಗೆ ಹೇಳಿದ್ದರು. ಈಗ ಸರ್ಕಾರವೇ ಆ ಸೈನಿಕರನ್ನು ಕೆಂಪುಕೋಟೆಗೆ ಕರೆತಂದಿತ್ತು. ಓದುಬರಹ ಬಾರದವರಿಗೂ ಇದರ ಅರ್ಥವಾಗದೆ ಇರಲಿಲ್ಲ.

ಕಥೆಯ ಬೇರು ಸಿಂಗಪುರದಲ್ಲಿದೆ. 1942ರ ಫೆಬ್ರವರಿ 15ರಂದು ಅಲ್ಲಿ ಬ್ರಿಟಿಷ್ ಸೇನೆ ಜಪಾನೀಯರಿಗೆ ಶರಣಾಯಿತು. ಮಾರನೆಯ ದಿನವೇ ಬಿಳಿಯ ಸೈನಿಕರನ್ನೂ ಭಾರತೀಯ ಸೈನಿಕರನ್ನೂ ಬೇರ್ಪಡಿಸುವ ಆಜ್ಞೆ ಬಂತು. ಬ್ರಿಟಿಷರು ಮತ್ತು ಆಸ್ಟ್ರೇಲಿಯನ್ನರು ಚಾಂಗಿಯ ಕಡೆ ಹೋದರು. ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಫೆಬ್ರವರಿ 17ರಂದು ಫ್ಯಾರರ್ ಪಾರ್ಕ್ ಎಂಬ ಬಯಲಿನಲ್ಲಿ ಸೇರಿಸಲಾಯಿತು. ಬ್ರಿಟಿಷ್ ಸರ್ಕಾರದ ಪರವಾಗಿ ಕರ್ನಲ್ ಹಂಟ್ ಎಂಬ ಅಧಿಕಾರಿ ಅವರೆಲ್ಲರನ್ನೂ ಜಪಾನಿನ ಮೇಜರ್ ಫುಜಿವಾರನಿಗೆ ಒಪ್ಪಿಸಿದ. ಫುಜಿವಾರ ಅವರನ್ನು ಕ್ಯಾಪ್ಟನ್ ಮೋಹನ್ ಸಿಂಗರಿಗೆ ಒಪ್ಪಿಸಿದ. ಮಲಯದ ಕಾಡಿನಲ್ಲಿ ಮೊದಲೇ ಸೆರೆಸಿಕ್ಕಿದ್ದ ಮೋಹನ್ ಸಿಂಗ್ ಭಾರತೀಯರದೇ ಸೈನ್ಯ ಕಟ್ಟಲು ಒಪ್ಪಿಕೊಂಡಿದ್ದರು. ಇಷ್ಟು ದಿನ ಪ್ರಾಣ ಒತ್ತೆಯಿಟ್ಟು ಯಾರಿಗಾಗಿ ಹೋರಾಡಿದ್ದರೋ ಆ ಅಧಿಕಾರಿಗಳು ತಮ್ಮನ್ನು ಪ್ರತ್ಯೇಕಿಸಿ ಶತ್ರುವಿನ ಕೈಗಿಟ್ಟು ಹೊರಟುಹೋದದ್ದನ್ನು ಆ ಸೈನಿಕರು ಕಣ್ಣಾರೆ ಕಂಡರು. ಮುಂದೆ ಕೆಂಪುಕೋಟೆಯಲ್ಲಿ ಆಪಾದಿತರು ಕೊಟ್ಟ ಹೇಳಿಕೆಗಳಲ್ಲಿ ಈ ಮಧ್ಯಾಹ್ನ ಮತ್ತೆ ಮತ್ತೆ ಬರುತ್ತದೆ.

ಎಲ್ಲರೂ ಫೌಜು ಸೇರಲಿಲ್ಲ, ಇದನ್ನು ಒತ್ತಿ ಹೇಳಬೇಕು. ಸಾವಿರಾರು ಮಂದಿ ಕೊಟ್ಟ ಮಾತಿಗೆ ಕಟ್ಟುಬಿದ್ದು ಯುದ್ಧಕೈದಿಗಳಾಗಿಯೇ ಉಳಿದರು. ಅವರಲ್ಲಿ ಹಲವರನ್ನು ಜಪಾನೀಯರು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗಳಾಗಿ ಸಾಗಿಸಿದರು. ಹಸಿವಿನಲ್ಲಿ, ರೋಗದಲ್ಲಿ, ಏಟಿನಲ್ಲಿ ಬಹಳ ಜನ ಸತ್ತರು. ಸೇರಿದವರಲ್ಲೂ ಎಲ್ಲರ ಕಾರಣ ಒಂದೇ ಆಗಿರಲಿಲ್ಲ. ಕೆಲವರಿಗೆ ಸ್ವಾತಂತ್ರ್ಯದ ಹಂಬಲ, ಕೆಲವರಿಗೆ ಕ್ಯಾಂಪಿನ ನರಕದಿಂದ ಪಾರಾಗುವ ಆಸೆ, ಕೆಲವರಿಗೆ ಮಲಯದಲ್ಲಿದ್ದ ಲಕ್ಷಾಂತರ ಭಾರತೀಯ ಸಂಸಾರಗಳನ್ನು ಜಪಾನೀಯರಿಂದ ಕಾಪಾಡಬೇಕೆಂಬ ಚಿಂತೆ. ಸಿಂಗಪುರದಲ್ಲಿ ಸೆರೆಸಿಕ್ಕ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳವೂ ಇತ್ತು ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಮರೆತಿದ್ದಾರೆ. ಕೊಡಗಿನ ಕೊಡಂದೇರ ಮನೆತನದ ಇಬ್ಬರು ಸಹೋದರರ ವಿಷಯವೂ ಹಾಗೆಯೇ. ಅಣ್ಣ ಪೊನ್ನಪ್ಪ ಸಿಂಗಪುರದಲ್ಲಿ ಸೆರೆಯಾಗಿ ಆಜಾದ್ ಹಿಂದ್ ಫೌಜು ಸೇರಿದರು. ತಮ್ಮ ಕೆ.ಎಸ್. ತಿಮ್ಮಯ್ಯ ಬರ್ಮಾದ ಅರಕಾನ್ ರಂಗದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿ ಶೌರ್ಯಪದಕ ಪಡೆದರು, ಮುಂದೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಅಣ್ಣನನ್ನು ದ್ರೋಹಿ ಎನ್ನುವುದೇ, ತಮ್ಮನನ್ನು ಗುಲಾಮ ಎನ್ನುವುದೇ? ಆ ಮನೆಯ ಅಂಗಳದಲ್ಲಿ ನಿಂತು ಯಾರೂ ಎರಡರಲ್ಲಿ ಒಂದನ್ನೂ ಹೇಳಲಾರರು.

ಮೋಹನ್ ಸಿಂಗರ ಮೊದಲ ಫೌಜು ಜಪಾನೀಯರೊಡನೆ ಮನಸ್ತಾಪವಾಗಿ 1942ರ ಡಿಸೆಂಬರಿನಲ್ಲೇ ಮುರಿದುಬಿತ್ತು. ಸುಭಾಷರು 1943ರ ಜುಲೈನಲ್ಲಿ ಸಿಂಗಪುರಕ್ಕೆ ಬಂದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. ಅಕ್ಟೋಬರ್ 21ರಂದು ಆಜಾದ್ ಹಿಂದ್ ಹಂಗಾಮಿ ಸರ್ಕಾರ ಘೋಷಣೆಯಾಯಿತು. ಜಪಾನ್, ಜರ್ಮನಿ, ಇಟಲಿ ಸೇರಿದಂತೆ ಒಂಬತ್ತು ಸರ್ಕಾರಗಳು ಅದನ್ನು ಮಾನ್ಯ ಮಾಡಿದವು. ಹಂಗಾಮಿ ಸರ್ಕಾರ ಬ್ರಿಟನ್ ಮತ್ತು ಅಮೆರಿಕದ ಮೇಲೆ ಯುದ್ಧ ಸಾರಿತು. ಅದಕ್ಕೆ ಮಂತ್ರಿಗಳಿದ್ದರು, ರಂಗೂನಿನಲ್ಲಿ ಬ್ಯಾಂಕ್ ಇತ್ತು, ಸೈನ್ಯಕ್ಕೆ ತನ್ನದೇ ಕಾಯ್ದೆ ಇತ್ತು. ಕಾಗದದ ಮೇಲಿನ ಈ ವಿವರಗಳೇ ಎರಡು ವರ್ಷದ ಬಳಿಕ ಮೂರು ತಲೆಗಳನ್ನು ಉಳಿಸುವ ವಾದಕ್ಕೆ ಆಧಾರವಾದವು.

ರಣರಂಗದಲ್ಲಿ ಫೌಜು ಗೆಲ್ಲಲಿಲ್ಲ. 1944ರ ಇಂಫಾಲ ದಂಡಯಾತ್ರೆ ಮಳೆ, ಮಲೇರಿಯಾ, ಹಸಿವುಗಳಲ್ಲಿ ಮುಗಿಯಿತು. 1945ರ ಆರಂಭದಲ್ಲಿ ಇರಾವತಿ ನದಿಯನ್ನು ದಾಟಿ ಬರುತ್ತಿದ್ದ ಬ್ರಿಟಿಷ್ ಸೇನೆಯನ್ನು ಧಿಲ್ಲೋನ್ ಅವರ ದಳ ತಡೆಯಲು ಯತ್ನಿಸಿತು. ಪೋಪಾ ಬೆಟ್ಟದ ಸುತ್ತ ಸಹಗಲ್ ಅವರ ದಳ ನಿಂತಿತು. ಆ ವಿಭಾಗದ ಹೊಣೆ ಶಾ ನವಾಜರದು. ಸೋಲು ಖಚಿತವಾದಾಗ ಪಡೆ ಬಿಟ್ಟು ಓಡುವವರು ಹೆಚ್ಚಾದರು. ಆ ಮಾರ್ಚ್ ತಿಂಗಳಲ್ಲಿ ಹರಿ ಸಿಂಗ್, ದುಲಿ ಚಂದ್, ದರಿಯಾವ್ ಸಿಂಗ್, ಧರಮ್ ಸಿಂಗ್ ಎಂಬ ನಾಲ್ವರು ಸಿಪಾಯಿಗಳಿಗೆ ಶತ್ರುವಿನ ಸಂಪರ್ಕ ಮಾಡಲು ಹೊರಟಿದ್ದಾರೆಂದು ಮರಣದಂಡನೆ ವಿಧಿಸಲಾಯಿತು. ಮೊಹಮ್ಮದ್ ಹುಸೇನ್ ಎಂಬ ಇನ್ನೊಬ್ಬನಿಗೂ ಅದೇ ಗತಿಯಾಯಿತು ಎಂಬುದು ಪ್ರಾಸಿಕ್ಯೂಷನ್ನಿನ ಆಪಾದನೆ. ಧಿಲ್ಲೋನ್ ಮೇಲೆ ಕೊಲೆಯ, ಉಳಿದಿಬ್ಬರ ಮೇಲೆ ಕೊಲೆಗೆ ಪ್ರೇರಣೆಯ ಆಪಾದನೆ ಬಂದದ್ದು ಇದರಿಂದ. ಕೆಂಪುಕೋಟೆಯ ವಿಚಾರಣೆಯನ್ನು ಬರಿಯ ಜಯಘೋಷವಾಗಿ ಹೇಳುವವರು ಈ ಐದು ಹೆಸರುಗಳನ್ನು ಬಿಟ್ಟುಬಿಡುತ್ತಾರೆ. ಅವರೂ ನಮ್ಮ ಹಳ್ಳಿಗಳಿಂದ ಹೋದ ಸಿಪಾಯಿಗಳೇ. ಅವರನ್ನು ಬಿಟ್ಟು ಹೇಳಿದ ಚರಿತ್ರೆ ಪೂರ್ತಿಯಲ್ಲ.

ಸಹಗಲ್ 1945ರ ಏಪ್ರಿಲ್ ಕೊನೆಯಲ್ಲಿ ತಮ್ಮ ಪಡೆಯೊಂದಿಗೆ ಶರಣಾದರು. ಶರಣಾಗುವ ಮೊದಲು ಎದುರಿದ್ದ ಗೂರ್ಖಾ ಪಡೆಯ ಕಮಾಂಡರನಿಗೆ ಒಂದು ಚೀಟಿ ಕಳಿಸಿ, ಯುದ್ಧಕೈದಿಗಳೆಂದು ನಡೆಸಿಕೊಳ್ಳುವುದಾದರೆ ಮಾತ್ರ ಶರಣಾಗುತ್ತೇವೆ ಎಂದು ಷರತ್ತು ಹಾಕಿದ್ದರು. ಶಾ ನವಾಜ್ ಮತ್ತು ಧಿಲ್ಲೋನ್ ಮೇ ತಿಂಗಳಲ್ಲಿ ಪೆಗು ಬಳಿ ಸಿಕ್ಕಿದರು.

ಯುದ್ಧ ನಡೆಯುವಷ್ಟು ದಿನ ಈ ಫೌಜಿನ ಸುದ್ದಿಯನ್ನು ಸೆನ್ಸಾರ್ ತಡೆದಿತ್ತು. ಯುದ್ಧ ಮುಗಿದು ತಡೆ ಸಡಿಲವಾದಾಗ ಕಥೆಗಳು ಒಮ್ಮೆಲೇ ಹೊರಬಂದವು. ಜನರ ಉತ್ಸಾಹ ಕಂಡು ಕಾಂಗ್ರೆಸ್ ನಾಯಕರೇ ಬೆರಗಾದರು. ಅವರ ಸ್ಥಿತಿ ಸುಲಭದ್ದಾಗಿರಲಿಲ್ಲ. ಸುಭಾಷರು ಜಪಾನೀಯರ ಜೊತೆ ಬಂದರೆ ತಾನು ಅವರನ್ನು ಎದುರಿಸುತ್ತೇನೆ ಎಂದು ನೆಹರೂ 1942ರಲ್ಲಿ ಬಹಿರಂಗವಾಗಿ ಹೇಳಿದ್ದರು. ಆ ದಾರಿಯನ್ನು ಒಪ್ಪದಿದ್ದರೂ ಆ ಯುವಕರನ್ನು ಗಲ್ಲಿಗೆ ಬಿಡಲಾಗದು ಎಂಬ ನಿಲುವಿಗೆ ಈಗ ಅವರು ಬಂದರು. ಚುನಾವಣೆ ಹತ್ತಿರವಿತ್ತು ಎಂಬುದೂ ನಿಜ. 1945ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ ಸಮಿತಿಯ ಸಭೆಯ ನಂತರ ರಕ್ಷಣಾ ಸಮಿತಿ ರೂಪುಗೊಂಡಿತು. ತೇಜ್ ಬಹದ್ದೂರ್ ಸಪ್ರು, ಭೂಲಾಭಾಯಿ ದೇಸಾಯಿ, ಕೈಲಾಸನಾಥ ಕಾಟ್ಜು, ಆಸಫ್ ಅಲಿ ಅದರಲ್ಲಿದ್ದರು. ಕಾಲು ಶತಮಾನದ ಹಿಂದೆ ಕಳಚಿಟ್ಟ ಬ್ಯಾರಿಸ್ಟರ್ ಗೌನನ್ನು ನೆಹರೂ ಮತ್ತೆ ತೊಟ್ಟು ಮೊದಲ ದಿನ ನ್ಯಾಯಾಲಯಕ್ಕೆ ಬಂದರು.

ನಿಜವಾದ ಭಾರ ಬಿದ್ದದ್ದು ಭೂಲಾಭಾಯಿ ಮೇಲೆ. ಸಪ್ರು ಅವರ ಆರೋಗ್ಯ ಸರಿಯಿರಲಿಲ್ಲ. ಭೂಲಾಭಾಯಿ ಮುಂಬಯಿಯ ಹೆಸರಾಂತ ವಕೀಲರು, ಕೇಂದ್ರ ಶಾಸನಸಭೆಯಲ್ಲಿ ಕಾಂಗ್ರೆಸ್ ಪಕ್ಷದ ನಾಯಕರಾಗಿದ್ದವರು. ಆದರೆ ಆ ಹೊತ್ತಿಗೆ ಮುಸ್ಲಿಂ ಲೀಗಿನ ಲಿಯಾಕತ್ ಅಲಿ ಖಾನರೊಡನೆ ನಡೆಸಿದ ಒಪ್ಪಂದದ ಮಾತುಕತೆಯ ಕಾರಣಕ್ಕೆ ಪಕ್ಷ ಅವರನ್ನು ಮೂಲೆಗೆ ತಳ್ಳಿತ್ತು. ಚುನಾವಣೆಗೆ ಟಿಕೆಟ್ ಕೂಡ ಕೊಡಲಿಲ್ಲ. ದೇಹವೂ ಕುಗ್ಗಿತ್ತು. ಪಕ್ಷದ ಅವಮಾನವನ್ನು ನುಂಗಿಕೊಂಡು, ವೈದ್ಯರ ಮಾತನ್ನು ಬದಿಗಿಟ್ಟು ಈ ಮೊಕದ್ದಮೆಯನ್ನು ಅವರು ಹೆಗಲಿಗೆ ಹಾಕಿಕೊಂಡರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಸಿಕ್ಕ ಜಾಗ ಎಷ್ಟು ಚಿಕ್ಕದೆಂದು ನೆನೆದರೆ ಸಂಕಟವಾಗುತ್ತದೆ.

ಮೇಜರ್ ಜನರಲ್ ಬ್ಲ್ಯಾಕ್ಸ್‌ಲ್ಯಾಂಡ್ ಅಧ್ಯಕ್ಷತೆಯ ಏಳು ಜನರ ನ್ಯಾಯಾಲಯದಲ್ಲಿ ನಾಲ್ವರು ಬ್ರಿಟಿಷರು, ಮೂವರು ಭಾರತೀಯರು. ಕಾನೂನಿನ ಸಲಹೆಗೆ ಜಡ್ಜ್ ಅಡ್ವೊಕೇಟ್ ಆಗಿ ಕರ್ನಲ್ ಕೆರಿನ್. ಸರ್ಕಾರದ ಪರ ಅಡ್ವೊಕೇಟ್ ಜನರಲ್ ಸರ್ ನೌಶೇರ್ವಾನ್ ಎಂಜಿನಿಯರ್. ಮೂವರೂ ತಾವು ತಪ್ಪಿತಸ್ಥರಲ್ಲ ಎಂದರು. ಸರ್ಕಾರದ ಕಡೆಯಿಂದ ಮೂವತ್ತು ಸಾಕ್ಷಿಗಳು ಬಂದರು. ಅವರಲ್ಲಿ ಮುಖ್ಯರಾದ ಲೆಫ್ಟಿನೆಂಟ್ ನಾಗ್ ಸ್ವತಃ ಫೌಜಿನ ಆಡಳಿತ ವಿಭಾಗದಲ್ಲಿದ್ದವರು, ಅದರ ಕಾಯ್ದೆಯನ್ನು ಬಲ್ಲವರು. ಭೂಲಾಭಾಯಿ ಪಾಟೀಸವಾಲಿನ ಜಾಣ್ಮೆ ಇಲ್ಲಿ ಕಾಣಿಸಿತು. ಸಾಕ್ಷಿಯನ್ನು ಸುಳ್ಳುಗಾರನೆಂದು ತೋರಿಸಲು ಅವರು ಹೊರಡಲಿಲ್ಲ. ಫೌಜಿಗೆ ಸರಿಯಾದ ಕಾಯ್ದೆ ಇತ್ತು, ಶಿಸ್ತಿತ್ತು, ಸೇರುವುದು ಬಿಡುವುದು ಸ್ವಯಿಚ್ಛೆಯದಾಗಿತ್ತು ಎಂಬುದನ್ನು ಸರ್ಕಾರದ ಸಾಕ್ಷಿಗಳ ಬಾಯಿಂದಲೇ ಹೊರಡಿಸಿದರು. ರಕ್ಷಣೆಯ ಪರ ಹನ್ನೆರಡು ಸಾಕ್ಷಿಗಳು. ಜಪಾನಿನ ವಿದೇಶಾಂಗ ಖಾತೆಯ ಅಧಿಕಾರಿಗಳನ್ನು ಟೋಕಿಯೋದಿಂದ ಕರೆತರಿಸಿ, ತಮ್ಮ ದೇಶ ಆಜಾದ್ ಹಿಂದ್ ಸರ್ಕಾರವನ್ನು ಸ್ವತಂತ್ರ ಸರ್ಕಾರವೆಂದೇ ಪರಿಗಣಿಸಿತ್ತು ಎಂದು ಹೇಳಿಸಿದರು. ಹಂಗಾಮಿ ಸರ್ಕಾರದ ಮಂತ್ರಿಯಾಗಿದ್ದ ಎಸ್.ಎ. ಅಯ್ಯರ್ ಕೂಡ ಬಂದು ನುಡಿದರು.

ಆಪಾದಿತರ ಹೇಳಿಕೆಗಳು ಇಡೀ ಕಲಾಪದಲ್ಲಿ ಮನಸ್ಸು ಕಲಕುವ ಭಾಗ. ಯಾರೊಬ್ಬರೂ ತಾವು ಯುದ್ಧ ಮಾಡಿಲ್ಲ ಎನ್ನಲಿಲ್ಲ, ಒತ್ತಾಯಕ್ಕೆ ಸೇರಿದೆವು ಎನ್ನಲಿಲ್ಲ. ಶಾ ನವಾಜರದು ರಾವಲ್ಪಿಂಡಿಯ ಜಂಜುವಾ ರಜಪೂತ ಮನೆತನ. ಅಲ್ಲಿ ಕೈಕಾಲು ಗಟ್ಟಿಯಿದ್ದ ಗಂಡಸರೆಲ್ಲ ಸೈನ್ಯ ಸೇರುವುದು ತಲೆತಲಾಂತರದ ರೂಢಿ. ಚಕ್ರವರ್ತಿಯ ಉಪ್ಪು ತಿಂದ ವಂಶದ ಆ ಅಧಿಕಾರಿ, ತನ್ನ ಮುಂದೆ ಇದ್ದದ್ದು ರಾಜನೋ ದೇಶವೋ ಎಂಬ ಪ್ರಶ್ನೆ, ತಾನು ದೇಶವನ್ನು ಆರಿಸಿಕೊಂಡೆ ಎಂದರು. ಅಡ್ಡಬಂದರೆ ಒಡಹುಟ್ಟಿದವನ ಮೇಲೂ ಹೋರಾಡಲು ನಿಶ್ಚಯಿಸಿದೆ, 1944ರಲ್ಲಿ ನಿಜಕ್ಕೂ ಹಾಗೆಯೇ ಆಯಿತು ಎಂದೂ ಹೇಳಿದರು. ಅವರ ಸಹೋದರ ಎದುರು ಪಕ್ಷದಲ್ಲಿ ಕಾದಾಡಿ ಗಾಯಗೊಂಡಿದ್ದರು. ಸಹಗಲ್ ಲಾಹೋರಿನ ಪ್ರಸಿದ್ಧ ನ್ಯಾಯವೇತ್ತ ಅಚ್ಛ್ರೂ ರಾಮ್ ಅವರ ಮಗ. ಅವರ ಹೇಳಿಕೆಗೆ ಮನೆಯ ಕಸುಬಿನ ಮೊನಚಿತ್ತು: ಫ್ಯಾರರ್ ಪಾರ್ಕಿನಲ್ಲಿ ನಮ್ಮನ್ನು ಶತ್ರುವಿಗೆ ಒಪ್ಪಿಸಿದ ದಿನವೇ ಬ್ರಿಟಿಷ್ ರಾಜಮುಕುಟ ನಮ್ಮ ನಿಷ್ಠೆಯ ಮೇಲಿನ ಹಕ್ಕನ್ನು ಕಳೆದುಕೊಂಡಿತು ಎಂಬುದು ಅದರ ಸಾರ. ಮನಸ್ಸಿದ್ದವರು ಮಾತ್ರ ಜೊತೆಗೆ ಬನ್ನಿ ಎಂದು ತನ್ನ ಸೈನಿಕರಿಗೆ ಸದಾ ಹೇಳುತ್ತಿದ್ದೆ ಎಂದರು ಧಿಲ್ಲೋನ್.

ಡಿಸೆಂಬರ್ 17 ಮತ್ತು 18ರಂದು ಭೂಲಾಭಾಯಿ ತಮ್ಮ ವಾದ ಮಂಡಿಸಿದರು. ಎರಡು ದಿನ, ಒಟ್ಟು ಸುಮಾರು ಹತ್ತು ತಾಸು. ವಾದದ ಕೇಂದ್ರ ಒಂದೇ: ಪರಾಧೀನವಾದ ಒಂದು ಜನಾಂಗ ತನ್ನ ಬಿಡುಗಡೆಗಾಗಿ ಸಂಘಟಿತ ಸರ್ಕಾರ ಕಟ್ಟಿ, ಸಂಘಟಿತ ಸೈನ್ಯ ಕಟ್ಟಿ ಯುದ್ಧ ಸಾರಿದರೆ ಅಂತರರಾಷ್ಟ್ರೀಯ ನ್ಯಾಯದ ದೃಷ್ಟಿಯಲ್ಲಿ ಅದು ಯುದ್ಧವೇ. ಯುದ್ಧದಲ್ಲಿ ಮಾಡಿದ ಕೃತ್ಯಗಳಿಗೆ ಸೈನಿಕನನ್ನು ಒಂದು ದೇಶದ ದಂಡಸಂಹಿತೆಯ ಕೆಳಗೆ ಕೊಲೆಗಾರನೆಂದು ವಿಚಾರಿಸಲು ಬರುವುದಿಲ್ಲ. ಗೆದ್ದಿದ್ದರೆ ಮಾತ್ರ ಅದು ಯುದ್ಧ, ಸೋತದ್ದರಿಂದ ದ್ರೋಹ ಎಂಬ ಮಾತು ನ್ಯಾಯವಲ್ಲ. ಆಜಾದ್ ಹಿಂದ್ ಸರ್ಕಾರಕ್ಕೆ ಒಂಬತ್ತು ರಾಷ್ಟ್ರಗಳ ಮನ್ನಣೆ ಇತ್ತು, ಮಲಯದಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಭಾರತೀಯರು ಅದಕ್ಕೆ ನಿಷ್ಠೆಯ ಪ್ರಮಾಣ ಮಾಡಿದ್ದರು, ಅದರ ಸೈನಿಕರು ಸ್ವಂತ ಬಾವುಟದ ಕೆಳಗೆ ಸ್ವಂತ ಅಧಿಕಾರಿಗಳ ಆಜ್ಞೆಯಂತೆ ಹೋರಾಡಿದರು. ಒಂದೊಂದನ್ನೂ ಅವರು ದಾಖಲೆಯೊಂದಿಗೆ ತೋರಿಸಿದರು.

ಆಮೇಲೆ ನಿಷ್ಠೆಯ ಪ್ರಶ್ನೆ. ಬ್ರಿಟಿಷ್ ಸೈನಿಕನಿಗೆ ರಾಜ, ದೇಶ ಎರಡೂ ಒಂದೇ. ರಾಜನಿಗೆ ಮಾಡಿದ ಪ್ರಮಾಣವೆಂದರೆ ದೇಶಕ್ಕೆ ಮಾಡಿದ ಪ್ರಮಾಣ. ಭಾರತೀಯನಿಗೆ ಹಾಗಲ್ಲ. ಅವನ ರಾಜ ಬೇರೆ, ಅವನ ದೇಶ ಬೇರೆ. ಎರಡೂ ಎದುರುಬದುರಾಗಿ ನಿಂತ ದಿನ ಅವನು ಯಾವುದನ್ನು ಹಿಡಿಯಬೇಕು? 1776ರಲ್ಲಿ ಅಮೆರಿಕದ ವಸಾಹತುಗಾರರು ಇದೇ ಬ್ರಿಟಿಷ್ ಮುಕುಟಕ್ಕೆ ನಿಷ್ಠರಾಗಿದ್ದವರು, ಅದನ್ನು ಕಿತ್ತೆಸೆದು ಸ್ವಾತಂತ್ರ್ಯ ಸಾರಿದರು. ಅವರನ್ನು ಇಂದು ಯಾರೂ ದ್ರೋಹಿಗಳೆನ್ನುವುದಿಲ್ಲ ಎಂದು ನೆನಪಿಸಿದರು. ಮೊನ್ನೆಮೊನ್ನೆಯ ಉದಾಹರಣೆಯೂ ಇತ್ತು. ಫ್ರಾನ್ಸಿನೊಳಗೆ ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡಿದವರನ್ನು ಸೈನಿಕರೆಂದು ಪರಿಗಣಿಸಬೇಕೆಂದು ಮಿತ್ರರಾಷ್ಟ್ರಗಳೇ ಘೋಷಿಸಿದ್ದವು. ಫ್ರೆಂಚರಿಗೆ ಸಲ್ಲುವ ನ್ಯಾಯ ಭಾರತೀಯರಿಗೇಕೆ ಸಲ್ಲದು? ಆ ಏಳು ಜನ ಸೇನಾಧಿಕಾರಿಗಳ ಎದುರು ಕಾನೂನಿನ ಭಾಷೆಯಲ್ಲಿ, ಒಂದು ಒರಟು ಮಾತೂ ಇಲ್ಲದೆ, ಭೂಲಾಭಾಯಿ ಬ್ರಿಟಿಷ್ ಆಳ್ವಿಕೆಯ ಹಕ್ಕನ್ನೇ ಪ್ರಶ್ನಿಸಿಬಿಟ್ಟರು. ಆ ವಾದ ದಿನವೂ ಪತ್ರಿಕೆಗಳಲ್ಲಿ ಅಚ್ಚಾಗಿ ಊರೂರು ತಲುಪುತ್ತಿತ್ತು. ಭಾಷಣದ ವೇದಿಕೆಯಲ್ಲಿ ಆಡಿದ್ದರೆ ಜೈಲಿಗೆ ಹೋಗಬೇಕಿದ್ದ ಮಾತುಗಳು ನ್ಯಾಯಾಲಯದ ರಕ್ಷಣೆಯಲ್ಲಿ ನಿರ್ಭಯವಾಗಿ ಹರಿದವು.

ಸರ್ ನೌಶೇರ್ವಾನ್ ಕೊಟ್ಟ ಉತ್ತರ ಕಾನೂನಿನ ಲೆಕ್ಕದಲ್ಲಿ ದುರ್ಬಲವಾಗಿರಲಿಲ್ಲ. ಈ ನ್ಯಾಯಾಲಯ ಹುಟ್ಟಿದ್ದೇ ಈ ದೇಶದ ಕಾಯ್ದೆಯಿಂದ. ಆ ಕಾಯ್ದೆಯ ಪ್ರಕಾರ ಸೈನ್ಯಕ್ಕೆ ಸೇರಿ ಪ್ರಮಾಣ ಮಾಡಿದವನ ನಿಷ್ಠೆ ಯುದ್ಧಕೈದಿಯಾದ ಮಾತ್ರಕ್ಕೆ ಕಳಚಿಹೋಗದು. ಅಂತರರಾಷ್ಟ್ರೀಯ ನ್ಯಾಯವನ್ನು ಆಧರಿಸಿ 121ನೇ ಕಲಮನ್ನು ಬದಿಗಿಡುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ ಎಂದರು. ಕರ್ನಲ್ ಕೆರಿನ್ ಸಲಹೆಯೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿತ್ತು. ಬರಿಯ ಕಾಯ್ದೆಪುಸ್ತಕ ನೋಡಿದರೆ ಅವರು ಹೇಳಿದ್ದು ಸರಿ. ಆ ಪುಸ್ತಕವನ್ನು ಬರೆದವರು ಯಾರು ಎಂಬುದೇ ಆ ದಿನಗಳ ಪ್ರಶ್ನೆಯಾಗಿತ್ತು.

ಹೊರಗೆ ದೇಶ ಕುದಿಯುತ್ತಿತ್ತು. ಮೊದಲ ಕಲಾಪದ ಬಳಿಕ ಮುಂದೂಡಿದ್ದ ವಿಚಾರಣೆ ನವೆಂಬರ್ 21ರಂದು ಮತ್ತೆ ಆರಂಭವಾದ ದಿನ ಕಲ್ಕತ್ತೆಯಲ್ಲಿ ವಿದ್ಯಾರ್ಥಿಗಳ ಮೆರವಣಿಗೆಯನ್ನು ಧರ್ಮತಲ್ಲಾ ಬೀದಿಯಲ್ಲಿ ಪೊಲೀಸರು ತಡೆದರು. ವಿದ್ಯಾರ್ಥಿಗಳು ರಸ್ತೆಯಲ್ಲೇ ಕುಳಿತರು. ಸಂಜೆ ಗುಂಡು ಹಾರಿತು, ರಾಮೇಶ್ವರ ಬ್ಯಾನರ್ಜಿ ಎಂಬ ವಿದ್ಯಾರ್ಥಿ ಸತ್ತ. ಮುಂದಿನ ಎರಡು ದಿನ ಟ್ರ್ಯಾಮ್ ನಿಂತಿತು, ಕಾರ್ಮಿಕರು ಬೀದಿಗಿಳಿದರು, ಕಾಂಗ್ರೆಸ್, ಲೀಗ್ ಮತ್ತು ಕಮ್ಯುನಿಸ್ಟರ ಬಾವುಟಗಳು ಒಟ್ಟಿಗೆ ಕಂಡವು. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಸೇನೆಯೊಳಗೂ, ಅದರಲ್ಲೂ ವಾಯುಪಡೆ ಮತ್ತು ನೌಕಾಪಡೆಯ ಕಿರಿಯರಲ್ಲಿ, ಆಪಾದಿತರ ಬಗ್ಗೆ ಅನುಕಂಪ ಹರಡಿತು. ನವೆಂಬರ್ ಕೊನೆಗೆ ಸರ್ಕಾರ ಒಂದು ಹೆಜ್ಜೆ ಹಿಂದೆ ಸರಿದು, ಮುಂದೆ ಕ್ರೌರ್ಯದ ಆಪಾದನೆ ಇರುವವರನ್ನು ಮಾತ್ರ ವಿಚಾರಣೆಗೆ ಒಳಪಡಿಸುವುದಾಗಿ ಪ್ರಕಟಿಸಿತು.

ಡಿಸೆಂಬರ್ 31ಕ್ಕೆ ವಿಚಾರಣೆ ಮುಗಿಯಿತು, 1946ರ ಜನವರಿ 3ರಂದು ತೀರ್ಪು ಪ್ರಕಟವಾಯಿತು. ಯುದ್ಧ ಹೂಡಿದ ಅಪರಾಧ ಮೂವರ ಮೇಲೂ ಸಾಬೀತು. ಧಿಲ್ಲೋನ್ ಮೇಲಿನ ಕೊಲೆಯ, ಸಹಗಲ್ ಮೇಲಿನ ಪ್ರೇರಣೆಯ ಆಪಾದನೆಗಳು ಬಿದ್ದುಹೋದವು. ಶಾ ನವಾಜ್ ಮೇಲಿನ ಪ್ರೇರಣೆಯ ಆಪಾದನೆ ನಿಂತಿತು. ಆಜೀವ ಗಡೀಪಾರು, ಸೇನೆಯಿಂದ ವಜಾ, ಬಾಕಿ ಸಂಬಳದ ಮುಟ್ಟುಗೋಲು ಎಂದು ಶಿಕ್ಷೆ. ಇದನ್ನು ಕಾಯಂಗೊಳಿಸುವ ಅಧಿಕಾರ ಆಕಿನ್‌ಲೆಕ್‌ರದು. ನಿಷ್ಠೆ ತೊರೆದು ಪ್ರಭುತ್ವದ ಮೇಲೆ ಯುದ್ಧ ಮಾಡುವುದು ಸೈನಿಕನಿಗೆ ಅತಿ ಘೋರ ಅಪರಾಧ ಎಂದು ಅವರು ತಮ್ಮ ಆದೇಶದಲ್ಲಿ ಒತ್ತಿ ಹೇಳಿದರು, ವಜಾ ಮತ್ತು ಮುಟ್ಟುಗೋಲನ್ನು ಉಳಿಸಿಕೊಂಡರು, ಗಡೀಪಾರನ್ನು ಮನ್ನಾ ಮಾಡಿದರು. ಮೂವರೂ ಬಿಡುಗಡೆಯಾಗಿ ಹೊರಬಂದಾಗ ದೆಹಲಿ, ಲಾಹೋರುಗಳಲ್ಲಿ ಜನಸಾಗರ. ಮುಂದಿನ ತಿಂಗಳು ತಮ್ಮ ಹಿರಿಯ ಬ್ರಿಟಿಷ್ ಅಧಿಕಾರಿಗಳಿಗೆ ಬರೆದ ಪತ್ರದಲ್ಲಿ ಆಕಿನ್‌ಲೆಕ್ ನಿಜವನ್ನು ಬಿಚ್ಚಿಟ್ಟರು: ಶಿಕ್ಷೆಯನ್ನು ಜಾರಿಗೊಳಿಸಲು ಹೊರಟಿದ್ದರೆ ದೇಶದಲ್ಲಿ ಅರಾಜಕತೆ ಏಳುತ್ತಿತ್ತು, ಸೇನೆಯಲ್ಲೇ ದಂಗೆಯಾಗುವ ಸಂಭವವಿತ್ತು.

ಇಲ್ಲಿ ಒಂದು ಹೋಲಿಕೆಯನ್ನು ಮಾಡದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಕೇರಳದ ವಕ್ಕಂ ಅಬ್ದುಲ್ ಖಾದರ್ ಎಂಬ ಯುವಕ ಮಲಯದಲ್ಲಿ ತರಬೇತಿ ಪಡೆದು, 1942ರಲ್ಲಿ ಜಪಾನಿನ ಜಲಾಂತರ್ಗಾಮಿಯಲ್ಲಿ ಬಂದು ಮಲಬಾರಿನ ಕರಾವಳಿಯಲ್ಲಿ ಇಳಿದರು, ಇಳಿದ ಕೂಡಲೇ ಸೆರೆಸಿಕ್ಕರು. ಶತ್ರುವಿನ ಏಜೆಂಟರ ಮೇಲಿನ ಸುಗ್ರೀವಾಜ್ಞೆಯಡಿ ಅವರ ಮತ್ತು ಸಂಗಡಿಗರ ವಿಚಾರಣೆ ಯುದ್ಧಕಾಲದ ಮರೆಯಲ್ಲಿ ನಡೆಯಿತು. 1943ರ ಸೆಪ್ಟೆಂಬರ್ 10ರಂದು ಮದ್ರಾಸಿನ ಜೈಲಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ನಮ್ಮ ಶಿಕಾರಿಪುರದ ಈಸೂರಿನ ಐವರು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ನೇಣಿಗೆ ಹೋಗಿದ್ದರು. ಈಸೂರಿನವರ ಮೇಲಿದ್ದದ್ದು ಅಮಲ್ದಾರ ಮತ್ತು ಸಬ್‌ಇನ್ಸ್‌ಪೆಕ್ಟರರ ಹತ್ಯೆಯ ಆಪಾದನೆ, ಅದು ಬೇರೆಯೇ ಬಗೆಯದು. ಆದರೆ ಖಾದರ್ ಮಾಡಿದ್ದಕ್ಕೂ ಶಾ ನವಾಜ್ ಮಾಡಿದ್ದಕ್ಕೂ ಕಾನೂನಿನ ಕಣ್ಣಿಗೆ ಎಷ್ಟು ಅಂತರ? ಅವರಿಗೆ ಬಾಗಿಲು ಮುಚ್ಚಿತ್ತು, ಇವರಿಗೆ ತೆರೆದಿತ್ತು. ಅವರ ಹೆಸರನ್ನು ಜನ ಕೇಳಿರಲಿಲ್ಲ, ಇವರ ಹೆಸರು ಎಲ್ಲರ ಬಾಯಲ್ಲಿತ್ತು. ಕಾಯ್ದೆ ಬದಲಾಗಿರಲಿಲ್ಲ, ಅದನ್ನು ಜಾರಿಗೊಳಿಸುವ ಧೈರ್ಯ ಉಡುಗಿತ್ತು. ಮದ್ರಾಸಿನಲ್ಲಿ ಸತ್ತವರಿಗೂ ಒಬ್ಬ ಭೂಲಾಭಾಯಿ ಸಿಗಬೇಕಿತ್ತು.

ವಿಚಾರಣೆಯ ಕಾವು ತೀರ್ಪಿನೊಂದಿಗೆ ಆರಲಿಲ್ಲ. ಫೆಬ್ರವರಿಯಲ್ಲಿ ಫೌಜಿನ ಮತ್ತೊಬ್ಬ ಅಧಿಕಾರಿ ಅಬ್ದುಲ್ ರಶೀದರಿಗೆ ಏಳು ವರ್ಷದ ಶಿಕ್ಷೆಯಾದಾಗ ಕಲ್ಕತ್ತೆ ಮತ್ತೆ ಹೊತ್ತಿತು. ಅದೇ ತಿಂಗಳ 18ರಂದು ಮುಂಬಯಿಯ ತಲ್ವಾರ್ ನೌಕಾ ಕೇಂದ್ರದಲ್ಲಿ ನಾವಿಕರು ಕೆಲಸ ನಿಲ್ಲಿಸಿದರು. ಅವರ ಬೇಡಿಕೆಗಳಲ್ಲಿ ಊಟ, ಸಂಬಳಗಳ ಜೊತೆಗೆ ಆಜಾದ್ ಹಿಂದ್ ಕೈದಿಗಳ ಬಿಡುಗಡೆಯೂ ಸೇರಿತ್ತು. ಭೂಲಾಭಾಯಿ ಸ್ವಾತಂತ್ರ್ಯವನ್ನು ನೋಡಲಿಲ್ಲ. 1946ರ ಮೇ 6ರಂದು ತೀರಿಕೊಂಡರು.

ಸ್ವಾತಂತ್ರ್ಯ ಬಂದ ಮೇಲೂ ಆ ಸೈನಿಕರಿಗೆ ಸೇನೆಯ ಬಾಗಿಲು ತೆರೆಯಲಿಲ್ಲ. ಪ್ರಮಾಣ ಮುರಿದವರನ್ನು ಮರಳಿ ಸೇರಿಸಿಕೊಂಡರೆ ಶಿಸ್ತು ಉಳಿಯದು ಎಂದು ಸೇನೆಯ ಹಿರಿಯರು ಪಟ್ಟುಹಿಡಿದರು. ಕೆಂಪುಕೋಟೆಯಲ್ಲಿ ಅವರ ಪರ ಗೌನು ತೊಟ್ಟಿದ್ದ ನೆಹರೂ ಪ್ರಧಾನಿಯಾಗಿ ಅದನ್ನು ಒಪ್ಪಿದರು. ಶಾ ನವಾಜ್ ಹುಟ್ಟೂರು ಪಾಕಿಸ್ತಾನಕ್ಕೆ ಸೇರಿದರೂ ಭಾರತದಲ್ಲೇ ಉಳಿದು ಸಂಸದರೂ ಮಂತ್ರಿಯೂ ಆದರು. ಸಹಗಲ್ ಫೌಜಿನ ಝಾನ್ಸಿ ರಾಣಿ ದಳದ ಕ್ಯಾಪ್ಟನ್ ಲಕ್ಷ್ಮಿಯನ್ನು ಮದುವೆಯಾಗಿ ಕಾನ್ಪುರದಲ್ಲಿ ನೆಲೆಸಿದರು. ಧಿಲ್ಲೋನ್‌ರಿಗೆ 1998ರಲ್ಲಿ ಪದ್ಮಭೂಷಣ ಸಿಕ್ಕಿತು. ಸಾಮಾನ್ಯ ಸಿಪಾಯಿಗಳನ್ನು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಗೆ ಸೇರಿಸಿದ್ದು 1972ರಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿ ಬಡತನದಲ್ಲೇ ಕಣ್ಣುಮುಚ್ಚಿದ್ದರು.

ಇನ್ನು 121ನೇ ಕಲಮು. ಗಣರಾಜ್ಯವಾದ ಮೇಲೆ ಅದರಲ್ಲಿದ್ದ ಮುಕುಟದ ಹೆಸರು ಹೋಗಿ ಭಾರತ ಸರ್ಕಾರ ಎಂಬ ಮಾತು ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 147ನೇ ಕಲಮಾಗಿದೆ. ಸರ್ಕಾರದ ಮೇಲೆ ಯುದ್ಧ ಹೂಡಿದವರಿಗೆ ಅಲ್ಲಿರುವ ಶಿಕ್ಷೆ ಇಂದಿಗೂ ಎರಡೇ: ಮರಣದಂಡನೆ ಅಥವಾ ಜೀವಾವಧಿ.